ಒತ್ತು

ಬೆಂಡಿಗೊ ಊರಿನ ಲೈಬ್ರರಿಯಲ್ಲಿ
ವಾಪಸು ಬಂದ ಪುಸ್ತಕಗಳ ಗಾಡಿ ತಳ್ಳುವವಳು ನಾನು.
ಎಡಗಡೆಯ ಗಾಲಿ ಕಿರುಗುಟ್ಟುತ್ತದೆ.
ಎಣ್ಣೆ ಬಿಟ್ಟರೆ ಒಂದು ವಾರ ಸುಮ್ಮನಿರುತ್ತದೆ.
ನನಗೆ ಗೊತ್ತಿದ್ದ ರಿಪೇರಿ ಅಷ್ಟೇ.

ಕನ್ನಡದವು ಮೂವತ್ತೊಂದು, ಹೀಟರಿನ ಪಕ್ಕದ ಕಪಾಟಿನಲ್ಲಿ.
ಬೆನ್ನಿನ ಚೀಟಿಗೆ ಬರೆದವರ ಹೆಸರಿನ ಮೊದಲ ಮೂರಕ್ಷರ
ಸಾಫ್ಟ್‌ವೇರೇ ಕತ್ತರಿಸಿ ಕೊಡುತ್ತದೆ.
ಭದ್ರಮ್ಮ ಎಂದು ಕೊಟ್ಟೆ.
ಭದ್
ಎಂದು ಅಚ್ಚಾಗಿ ಬಂತು.
ಒತ್ತು ಕಳಚಿ, ತಲೆಗೊಂದು ಕೊಂಡಿ ಸಿಕ್ಕಿಸಿಕೊಂಡು
ಒಂಟಿಕಾಲಲ್ಲಿ ನಿಂತಿತ್ತು ದ್,
ಮಾತಿನ ನಡುವೆ ಯಾರೋ ಎಳೆದೊಯ್ದ ಹಾಗೆ.

ಟ್ರೆವರ್ ಅಂದ: ಅದು ಯಾರ ಸಾಫ್ಟ್‌ವೇರೂ ಅಲ್ಲ, ಎಲ್ಲರದ್ದೂ.
ದೂರು ಕೊಡಲು ಕೌಂಟರಿಲ್ಲ. ಬೇಕಾದರೆ ನೀನೇ ಬಿಚ್ಚಿ ನೋಡು.
ತಮಾಷೆಗೆ ಅಂದನೋ ಏನೋ.

ಬಿಚ್ಚಿ ನೋಡಿದೆ.
ಒಂದು ಸಾಲು ಟೈಪಿಸಿದ್ದಕ್ಕೆ ಹದಿನಾರು ವರ್ಷದ ಕೆಲಸವೆಲ್ಲ
ನನ್ನ ಅಡುಗೆಮನೆ ಮೇಜಿನ ಮೇಲೆ ಬಂದು ಕೂತಿತು.
ಯಾವ ಬಾಗಿಲಿಗೂ ಚಿಲಕವಿಲ್ಲ. ಹೆದರಿಕೆಯಾದದ್ದೇ ಅದಕ್ಕೆ.
ಒಂದು ಮೂಲೆಯಲ್ಲಿ ಯಾರೋ ಬರೆದಿಟ್ಟಿದ್ದರು:
ಇದು ಹೇಗೆ ನಡೆಯುತ್ತಿದೆಯೋ ಗೊತ್ತಿಲ್ಲ, ಮುಟ್ಟಬೇಡಿ.
ಓದಿ ಸ್ವಲ್ಪ ಧೈರ್ಯ ಬಂತು.

ಜುಲೈ. ಕಾರಿನ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವ ಚಳಿ.
ನಾಲ್ಕು ಸಂಜೆ ಅದೇ ಪ್ರಶ್ನೆ ಬರೆದೆ, ಅಳಿಸಿದೆ.
ಐದನೆಯ ಸಂಜೆ ಕಣ್ಣು ಮುಚ್ಚಿ ಒತ್ತಿದೆ.

ಡಂಡೀಯಿಂದ ಇಷ್ಬೆಲ್ ಎಂಬಾಕೆಯ ಉತ್ತರ:
ಒತ್ತಕ್ಷರ ಅಂದರೇನು?

ಅಂದರೇನು!
ಇದುವರೆಗೆ ಯಾರೂ ಕೇಳಿರಲಿಲ್ಲ, ಬೆತ್ತ ಬಿಟ್ಟರೆ.
ಬರೆದೆ: ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ
ಇಬ್ಬರು ಸರಿದು ಕೂತ ಹಾಗೆ.
ಟಿಕೆಟು ಎರಡೋ ಮೂರೋ, ಸೀಟು ಒಂದೇ.
ನಿಮ್ಮ ಯಂತ್ರ ಟಿಕೆಟು ಎಣಿಸುತ್ತಿದೆ.
ಸೀಟು ಎಣಿಸಬೇಕು.

ಚೆನ್ನಾಗಿದೆ, ಅಂದಳು. ಇದನ್ನೇ ಪರೀಕ್ಷೆಯಾಗಿ ಬರೆಯಿರಿ,
ತಿದ್ದುವುದೂ ನೀವೇ.

ತಿದ್ದಿದೆ. ನಲವತ್ತೇಳು ಸಾಲು ಕೆಂಪಾದವು.
ಭದ್ರಮ್ಮನಿಗೆ ಕಾಲು ಕೊಡಲು ಹೋಗಿ
ಊರಿನ ಮ್ಯಾಕ್‌ಫರ್ಸನ್‌ಗಳಿಗೆಲ್ಲ
ನಾಲ್ಕನೆಯ ಅಕ್ಷರ ಅಂಟಿಸಿದ್ದೆ.
ಇಷ್ಬೆಲ್ ಬೈಯಲಿಲ್ಲ.
ಎರಡು ಕೆಲಸ ಒಂದರಲ್ಲೇ ತುರುಕಿದ್ದೀರಿ, ಬಿಡಿಸಿ, ಅಂದಳು.
ಇಪ್ಪತ್ತೆರಡನೆಯ ಸಾಲಿನ ತುದಿಯಲ್ಲಿ
ಖಾಲಿ ಜಾಗ ಉಳಿದಿದೆ, ತೆಗೆಯಿರಿ.
ಕಣ್ಣಿಗೆ ಕಾಣದ ಖಾಲಿಗೂ ಲೆಕ್ಕ!
ಈಕೆ ಅಕ್ಕಿ ಆರಿಸಿದ್ದರೆ
ಒಂದು ಕಲ್ಲೂ ಹಲ್ಲಿಗೆ ಸಿಗುತ್ತಿರಲಿಲ್ಲ.

ಆಗಸ್ಟಿನ ಒಂದು ಬೆಳಗ್ಗೆ ಏಳಕ್ಕೆ, ಅವಳಿಗೆ ರಾತ್ರಿ ಹತ್ತು,
ನನ್ನ ಹನ್ನೊಂದು ಸಾಲು ಒಳಗೆ ಹೋದವು.
ಪಟ್ಟಿಯಲ್ಲಿ ಇನ್ನೂರ ಹದಿನಾಲ್ಕನೆಯ ಹೆಸರು, ವಿಶಾಲಾಕ್ಷಿ.
ಅಷ್ಟರಲ್ಲಿ ಟೋಸ್ಟು ಸೀದಿತ್ತು.

ಹೊಸ ಚೀಟಿ ಬಂತು: ಭದ್ರಮ್ಮ.
ಮೂರೇ ಅಕ್ಷರ, ಹೆಸರೇ ಪೂರ್ತಿ.

ನಾನು ಹೇಳಹೊರಟದ್ದು ಇದಲ್ಲ.

ಸೆಪ್ಟೆಂಬರಿನಲ್ಲಿ ನಾವ್ ಮೂ ಬಂದಿದ್ದಳು, ಮೊಮ್ಮಗನಿಗೆ ಕತೆ ಹುಡುಕಲು.
ಅವಳ ಕರೆನ್ ಜನರಲ್ಲಿ ಹೆಂಗಸರ ಹೆಸರಿಗೆ ಮೊದಲು ನಾವ್ ಸೇರುತ್ತದೆ.
ಕಾರ್ಡಿನ ಮೇಲೆ ಓದಿದಾಗೆಲ್ಲ
ನನಗದು ನಾವು ಎಂದೇ ಕೇಳುತ್ತದೆ.
ಅವರ ಭಾಷೆಯ ಸಾಲಿನೆದುರು ನಿಂತು
ಗುಂಡು ಗುಂಡು ಅಕ್ಷರದ ಬೆನ್ನುಗಳ ಮೇಲೆ ಬೆರಳೆಳೆದಳು.
ಮೊದಲೆಲ್ಲ ಮುರಿದಿರುತ್ತಿತ್ತು, ಈಗ ಸರಿಯಾಗಿದೆ, ಅಂದಳು.
ಎಷ್ಟು ವರ್ಷದಿಂದ? ಕೇಳಲಿಲ್ಲ ನಾನು.
ಅವಳೂ ಹೇಳಿರಲಿಲ್ಲ ಯಾರಿಗೂ.

ಅವಳ ಭಾಷೆಯ ಒಂದಕ್ಷರವೂ ನನಗೆ ಬಾರದು.
ತಿದ್ದುವಾಗ ಅವಳ ನೆನಪೂ ಇರಲಿಲ್ಲ.
ಸೀಟು ಎಣಿಸಲು ಕಲಿತ ಯಂತ್ರ
ಅವಳವರನ್ನೂ ಕೂರಿಸಿತ್ತು.

ಯಾರು ಮಾಡಿದ್ದು? ಎಂದಳು.
ಡಂಡೀಯಲ್ಲೊಬ್ಬಳಿದ್ದಾಳೆ, ಅಂದೆ.
ಬಸ್ಸು ಹತ್ತಿದ ಮೇಲೆ ಅನ್ನಿಸಿತು,
ನಾನು ಅನ್ನಬಹುದಿತ್ತು.
ಅಥವಾ ಅವಳದೇ ಹೆಸರಿನ ಮೊದಲ ಮಾತು ಹೇಳಬಹುದಿತ್ತು.

ಭದ್ರಮ್ಮನ ಒಂದು ಪುಸ್ತಕದ ಮೇಲೆ
ಹಳೆಯ ಚೀಟಿ ಹಾಗೇ ಬಿಟ್ಟಿದ್ದೇನೆ.
ಗಾಲಿ ಮತ್ತೆ ಕಿರುಗುಟ್ಟುತ್ತಿದೆ.
ಎಣ್ಣೆ ತರಬೇಕು.